ಗೊರಕೆ ಎತ್ತಿನ ಗುರುವಾರಗಳು

ಪರೋಪಜೀವಿಗಳ ಹಿಂದೆ ಇಷ್ಟು ವರ್ಷ ಸವೆಸಿದಿರಿ, ನಿಮ್ಮ ಮೊದಲ ಸಂಶೋಧನೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ ಎಂದು ಯಾರಾದರೂ ಕೇಳಿದರೆ ನನಗೆ ಮೈ ಉರಿಯುತ್ತದೆ. ಒಳ್ಳೆಯ ಮಾತಂತೆ! ಐವತ್ತರ ದಶಕದಲ್ಲಿ ನಾನು ಕೆಂಗೇರಿಯಲ್ಲಿ ಮಾಡಿದ್ದು ಒಳ್ಳೆಯ ಕೆಲಸವೇನಲ್ಲ.

ಆಗ ಆ ಸುತ್ತಿನ ದನಗಳಿಗೆ ಗೊರಕೆ ರೋಗವಿತ್ತು. ಕೆರೆಯ ಬಸವನಹುಳುಗಳ ಮೈಯಿಂದ ಹೊರಬೀಳುವ ಮರಿಹುಳುಗಳು ಕಣ್ಣಿಗೆ ಕಾಣುವುದಿಲ್ಲ. ನೀರಿಗಿಳಿದ ದನದ ಚರ್ಮ ಕೊರೆದು ಒಳಹೊಕ್ಕು, ಕೊನೆಗೆ ಮೂಗಿನ ರಕ್ತನಾಳದಲ್ಲಿ ಸಂಸಾರ ಹೂಡುತ್ತವೆ. ಮೂಗಿನೊಳಗೆ ಹೂಕೋಸಿನಂಥ ಗಂಟು ಬೆಳೆದು ಎತ್ತು ನಿಂತಲ್ಲೇ ಗೊರಕೆ ಹೊಡೆಯುತ್ತದೆ, ನೇಗಿಲಿಗೆ ಕಟ್ಟಿದರೆ ಉಸಿರು ಸಾಲದೆ ಮಲಗಿಬಿಡುತ್ತದೆ. ರೈತರು ಇದು ಮೂಗುದಾರದ ಗಾಯವೆಂದುಕೊಂಡು ಹಗ್ಗ ಬದಲಾಯಿಸುತ್ತಿದ್ದರು, ಮೂಗಿನ ಮೇಲೆ ಬರೆ ಹಾಕುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋ ಜನ ಎಂದು ನಮ್ಮ ಪ್ರಯೋಗಾಲಯದಲ್ಲಿ ಅವರನ್ನು ಆಡಿಕೊಂಡು ನಗುತ್ತಿದ್ದರು. ಬರೆ ಹಾಕುವುದು ದಡ್ಡತನವೇ ಇರಬಹುದು. ಅವರು ಏನಾದರೂ ಮಾಡಲು ನೋಡುತ್ತಿದ್ದರಲ್ಲ, ನಾವು ಅದನ್ನೂ ಮಾಡಲಿಲ್ಲ.

ಪ್ರತಿ ಗುರುವಾರ ನಾನು ರೈಲಿನಲ್ಲಿ ಕೆಂಗೇರಿಗೆ ಹೋಗಿ, ಸ್ಟೇಷನ್ನಿನ ಹತ್ತಿರ ಬಾಡಿಗೆಗೆ ಹಿಡಿದ ಹೆಂಚಿನ ಕೊಟ್ಟಿಗೆಯಲ್ಲಿ ಮೈಕ್ರೋಸ್ಕೋಪ್ ಇಟ್ಟುಕೊಂಡು ಕೂರುತ್ತಿದ್ದೆ. ಅಲ್ಲಿಗೆ ತಪ್ಪದೆ ಬರುತ್ತಿದ್ದವರು ವಯಸ್ಸಾದ ಒಬ್ಬ ರೈತರು. ನಾನು ಅವರನ್ನು ಯಜಮಾನರೇ ಎಂದು ಕರೆಯುತ್ತಿದ್ದೆ. ಅವರ ಜೋಡಿಯಲ್ಲಿ ಬಿಳಿ ಎತ್ತಿಗೆ ರೋಗ ಜೋರಾಗಿತ್ತು. ಅದರ ಮೂಗಿಗೆ ಉಪ್ಪುನೀರು ಬಿಟ್ಟು ತೊಳೆದು, ಸಿಂಬಳವನ್ನು ಸೀಸೆಗೆ ಹಿಡಿದು, ಅದರಲ್ಲಿದ್ದ ಹುಳುವಿನ ಮೊಟ್ಟೆಗಳನ್ನು ಎಣಿಸಿ ಬರೆದುಕೊಳ್ಳುವುದು, ಅಷ್ಟೇ ನನ್ನ ಕೆಲಸ. ಮೂಗು ತೊಳೆದ ದಿನ ಎತ್ತಿಗೆ ಉಸಿರಾಟ ಸ್ವಲ್ಪ ಸಲೀಸಾಗುತ್ತಿತ್ತು. ಅದನ್ನೇ ಯಜಮಾನರು ಚಿಕಿತ್ಸೆ ಎಂದು ನಂಬಿದರು. ಉಳುಮೆ ಶುರುವಾಗುವುದರೊಳಗೆ ವಾಸಿಯಾದರೆ ಸಾಕು ಎನ್ನುತ್ತಿದ್ದರು. ಅವರ ರಾಗಿ ಹೊಲಕ್ಕೆ ಆ ಜೋಡಿ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಔಷಧಿ ಇರಲಿಲ್ಲವೇ? ಇತ್ತು! ಆಂಟಿಮನಿ ಚುಚ್ಚುಮದ್ದು ಆ ಕೊಟ್ಟಿಗೆಯ ಬೀರುವಿನಲ್ಲೇ, ನನ್ನ ಬೆನ್ನ ಹಿಂದೆಯೇ ಇತ್ತು. ಕತ್ತಿನ ರಕ್ತನಾಳಕ್ಕೆ ವಾರಕ್ಕೊಂದರಂತೆ ಐದು ಸಲ ಕೊಟ್ಟರೆ ಹೆಚ್ಚಿನ ದನಗಳು ಚೇತರಿಸಿಕೊಳ್ಳುತ್ತಿದ್ದವು. ಬೇರೆ ಊರಿನ ದನಗಳಿಗೆ ಕೊಟ್ಟೂ ಇದ್ದೆವು. ಈ ಎತ್ತಿಗೂ ಕೊಡೋಣವೇ ಎಂದು ನಮ್ಮ ದೊಡ್ಡ ಸಾಹೇಬರನ್ನು ಕೇಳಿದೆ. ಅವರು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಔಷಧಿ ಕೊಟ್ರೆ ಮೊಟ್ಟೆ ನಿಂತ್ಹೋಗತ್ತೆ ಕಣಯ್ಯ. ಆಮೇಲೆ ಏನ್ ಎಣಿಸ್ತೀಯ?"

ಔಷಧಿ ಇಲ್ಲದೆ ರೋಗ ಎಲ್ಲಿಯವರೆಗೆ ಹೋಗುತ್ತದೆಂದು ನೋಡಲು ಇಂಥದೊಂದು ಕೇಸು ಬೇಕಂತೆ. ಕೆರೆಯ ಮಾತನ್ನೂ ರೈತರ ಹತ್ತಿರ ಎತ್ತಬಾರದಂತೆ, ಹೊಸ ದನಗಳಿಗೆ ತಗಲುವುದನ್ನೂ ನೋಡಬೇಕಂತೆ. ಥೂ! ಅವರನ್ನು ಉಗಿದು ಏನು ಪ್ರಯೋಜನ? ಕೋಲೆ ಬಸವನ ಹಾಗೆ ತಲೆಯಾಡಿಸಿ ಎದ್ದು ಬಂದವನು ನಾನು. ಹುಳು ರಕ್ತ ಹೀರುವುದು ಹೊಟ್ಟೆಪಾಡಿಗೆ. ನನಗೆ ಬೇಕಾಗಿದ್ದದ್ದು ಹೆಸರಿನ ಮುಂದೆ ಒಂದು ಡಾಕ್ಟರ್.

ಮುಂಗಾರಿನ ಉಳುಮೆಯಲ್ಲಿ ಬಿಳಿ ಎತ್ತು ಸಾಲಿನ ಮಧ್ಯೆಯೇ ಕುಸಿಯಿತು. ಮತ್ತೆ ನೊಗಕ್ಕೆ ಬರಲಿಲ್ಲ, ಯಜಮಾನರು ಅದನ್ನು ಕಟುಕರಿಗೆ ಕೊಟ್ಟರು. ಅದರ ತಲೆ ನಮ್ಮ ಮೇಜಿಗೆ ಬಂತು. ಸೀಳಿದ ಮೂಗನ್ನು ನೋಡಿ ಸಾಹೇಬರು ಭೇಷ್ ಎಂದರು.

ಎರಡು ವಾರ ಕಳೆದ ಮೇಲೆ ಯಜಮಾನರು ಉಳಿದ ಎತ್ತನ್ನು ಹೊಡೆದುಕೊಂಡು ಬಂದರು. ಅದಕ್ಕೂ ಗೊರಕೆ ಶುರುವಾಗಿತ್ತು. ನನ್ನ ಮೇಲೆ ಅವರಿಗೆ ಒಂದಿಷ್ಟೂ ಬೇಸರವಿರಲಿಲ್ಲ. ಬಿಳಿಯದನ್ನು ತಡವಾಗಿ ತಂದದ್ದು ತಮ್ಮದೇ ತಪ್ಪು, ಇದಕ್ಕೂ ಅದೇ ಔಷಧಿ ಮಾಡಿ ಉಳಿಸಿಕೊಡಿ ಎಂದು ಕೈ ಮುಗಿದರು. ಕೈ ಮುಗಿದರು, ನನಗೆ! ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಉಪ್ಪುನೀರಿನ ಪಾತ್ರೆಯನ್ನು ಕಾಲಲ್ಲಿ ಒದ್ದೆ. ಸಾಹೇಬರು ಕೆಲಸದಿಂದ ಕಿತ್ತುಹಾಕಿದರೆ ಹಾಕಲಿ ಎಂದುಕೊಂಡು ಬೀರು ತೆಗೆದೆ.

ಯಜಮಾನರು ಎತ್ತಿನ ಕತ್ತು ಹಿಡಿದುಕೊಂಡರು. ನಾನು ನಿಧಾನವಾಗಿ ಮದ್ದು ಏರಿಸಿದೆ. ಸೂಜಿ ಹೊರಗೆ ತೆಗೆಯುವವರೆಗೂ ಅವರು ಕಣ್ಣು ಕೀಳದೆ ನೋಡುತ್ತಿದ್ದರು.

"ಇದು ಔಸ್ದಿನಾ ಸಾಮಿ?"

"ಹೌದು ಯಜಮಾನ್ರೆ."

"ಅಂಗಾರೆ, ಆ ಬಿಳೇ ಎತ್ತಿಗೆ ಅಷ್ಟು ದಿನ ಮಾಡಿದ್ದು ಏನು?"

ಎಲ್ಲವನ್ನೂ ಹೇಳಿದೆ. ಬೀರುವಿನ ವಿಷಯ, ಸಾಹೇಬರ ಮಾತು, ಮೊಟ್ಟೆಯ ಲೆಕ್ಕ, ಕೆರೆ. ಬೈಯಲಿ ಎಂದು ಕಾದೆ. ಅವರು ಎತ್ತಿನ ಹಗ್ಗ ಹಿಡಿದುಕೊಂಡು ಹೊರಟುಹೋದರು.

ಇನ್ನೂ ನಾಲ್ಕು ಚುಚ್ಚುಮದ್ದು ಆಗಬೇಕಿತ್ತು. ಮುಂದಿನ ಗುರುವಾರ ಮಧ್ಯಾಹ್ನದವರೆಗೂ ಅವರು ಬರಲಿಲ್ಲ. ಮದ್ದಿನ ಪೆಟ್ಟಿಗೆ ತೆಗೆದುಕೊಂಡು ನಾನೇ ಅವರ ಮನೆಗೆ ಹೋದೆ. ಎತ್ತಿನ ಗೊರಕೆ ಬೀದಿಗೇ ಕೇಳಿಸುತ್ತಿತ್ತು. ಯಜಮಾನರು ಬಾಗಿಲಿಗೆ ಬಂದು ನನ್ನ ಕೈಯಲ್ಲಿದ್ದ ಪೆಟ್ಟಿಗೆ ನೋಡಿದರು.

"ನಮ್ಮೆತ್ತಿನ ತಂಟೆಗೆ ಇನ್ ಬರ್ಬ್ಯಾಡಿ ಸಾಮಿ" ಎಂದು ಬಾಗಿಲು ಹಾಕಿಕೊಂಡರು.