ಅಕ್ಕಿ ಡಬ್ಬದ ಕೆಳಗಿನ ಪೇಪರ್

ತೂಬಗೆರೆಯಲ್ಲಿ ಒಬ್ಬ ಅಜ್ಜಿಯ ಅಡುಗೆಮನೆಗೆ ಹೊಸ ಕಪಾಟು ಕೂರಿಸೋಕೆ ಹೋಗಿದ್ದೆ. ಹಳೇ ಗೂಡಿನಿಂದ ಅಕ್ಕಿ ಡಬ್ಬ ಎತ್ತಿದರೆ ಅಡಿಯಲ್ಲಿ ಹಾಸಿದ್ದ ಪೇಪರ್ ಸಿಕ್ಕಿತು, ಎಷ್ಟೋ ವರ್ಷ ಹಿಂದಿನದು. ನನಗೋ ಬಾಯಿ ಸುಮ್ಮನಿರೋದಿಲ್ಲ. ಹೆಡ್ಡಿಂಗುಗಳನ್ನು ಜೋರಾಗಿ ಓದತೊಡಗಿದೆ.

"ಮುಂದಿನ ವರ್ಷ ಮನೆಮನೆಗೆ ನದಿ ನೀರು." ಅಜ್ಜಿ ಟ್ಯಾಂಕರ್ ನೀರಿನ ಡ್ರಮ್ಮು ನೋಡಿ ನಕ್ಕರು.

"ಟೊಮೆಟೊ ಬೆಲೆ ಏರಿಕೆ ತಾತ್ಕಾಲಿಕ: ಸಚಿವ." ಇನ್ನೂ ನಕ್ಕರು.

ಅದೇ ಹುರುಪಿನಲ್ಲಿ ಹಾಳೆ ಮಗುಚಿದೆ. "ಲಾರಿ ಡಿಕ್ಕಿ: ಅಪರಿಚಿತ ವ್ಯಕ್ತಿ ಸಾವು." ಓದಿ ನಾನೇ ಸೇರಿಸಿದೆ, "ಇವನ್ಯಾರೋ ಪಾಪ, ಹೆಸರೂ ಇಲ್ಲದೆ ಹೋದ ಗಿರಾಕಿ!"

ಅಜ್ಜಿ ನಗಲಿಲ್ಲ. "ನಮ್ ಯಜಮಾನ್ರು ಕಣಪ್ಪಾ. ನಾನು ಆಸ್ಪತ್ರೆಗೆ ಹೋಗಿ ಗುರುತು ಹಿಡಿಯೋಷ್ಟರಲ್ಲಿ ಪೇಪರ್ ಅಚ್ಚಾಗಿ ಬಂದ್ಬಿಟ್ಟಿತ್ತು. ಈ ಊರಲ್ಲಿ ಅವ್ರ ಹೆಸರು ಗೊತ್ತಿಲ್ದೋರು ಯಾರಿದ್ರು, ಹೇಳು?"

ಹೊಸ ಕಪಾಟಿಗೆ ಪೇಪರ್ ಹಾಸೋ ಅಗತ್ಯವೇ ಇರಲಿಲ್ಲ. ಆದರೂ ಆ ಹಾಳೆಯನ್ನೇ ಅಳತೆಗೆ ಮಡಚಿ, "ಯಾವ ಮಗ್ಗುಲು ಮೇಲೆ ಹಾಕ್ಲಿ ಅಜ್ಜಿ?" ಅಂದೆ.

"ನೀರಿನ ಸುದ್ದೀನೇ ಮೇಲಿರ್ಲಿ. ಡಬ್ಬ ಅವ್ರ ಮೇಲೆ ಕೂರೋದು ಬೇಡ."

ಹಾಗೇ ಹಾಸಿ ಬಂದೆ. ಆ ಕಪಾಟಿನಲ್ಲಿ ಈಗಲೂ ಮುಂದಿನ ವರ್ಷ ನದಿ ನೀರು ಬರುತ್ತೆ.