ಚಿಟ್ಟೆ ಮಡಿಸಿಟ್ಟ ಕಾಗದ

ಚೈತ್ರಾ, ಮನೋಜ, ಇಲ್ಲಿ ಅಂಡಮಾನಿನಲ್ಲಿ ನಿಮ್ಮ ಲಲಿತತ್ತೆಯ ಬೀರು ತೆಗೆದರೆ ಸೀರೆಗಳಿಲ್ಲ, ಸತ್ತ ಚಿಟ್ಟೆಗಳಿವೆ. ಬಂದ ದಿನ ನೋಡಿ ಥಟ್ಟನೆ ಬಾಗಿಲು ಮುಚ್ಚಿಬಿಟ್ಟೆ. ಒಂದೊಂದನ್ನೂ ಮೂರು ಮೂಲೆಯ ಕಾಗದದಲ್ಲಿ ಮಡಿಸಿಟ್ಟಿದ್ದಳು. ಯಾವುದು ಯಾವ ಬಗೆಯದೆಂದು ವಿಂಗಡಿಸುವುದೇ ಅವಳ ಕೆಲಸ.

ನಿಮ್ಮ ತಾತ ಹೋದ ಮೇಲೆ ಅವಳು ನನ್ನನ್ನು ಕರೆತಂದಳು. ನಮ್ಮೂರು ಶ್ರೀನಿವಾಸಪುರದಲ್ಲಿ ಬಟ್ಟೆ ಹರವಿದರೆ ಗಳಿಗೆಯಲ್ಲಿ ಒಣಗುತ್ತದೆ. ಇಲ್ಲಿ ಮೂರು ದಿನವಾದರೂ ತೇವ. ರಾಗಿ ಹಿಟ್ಟಿಗೂ ಬೂಷ್ಟು. ಅಂಗಡಿಯಲ್ಲಿ ಹಿಂದಿ, ಬಂಗಾಳಿ. ನಾನು ಬೆರಳು ತೋರಿಸಿ ತರಕಾರಿ ತರುತ್ತಿದ್ದೆ. ಮಾತಿಗೆ ಸಿಕ್ಕವಳು ಮನೆಗೆಲಸದ ಅಪ್ಪಲಮ್ಮ ಒಬ್ಬಳೇ. ಅವಳದು ಶ್ರೀಕಾಕುಳದ ತೆಲುಗು, ನನ್ನದು ನಮ್ಮೂರ ಗಡಿ ಸೀಮೆಯ ತೆಲುಗು. "ಮೀ ತೆಲುಗು ಕನ್ನಡಂಲಾ ಉಂದಿ," ನಿಮ್ಮ ತೆಲುಗು ಕನ್ನಡದಂತಿದೆ ಎಂದು ನಗುತ್ತಿದ್ದಳು.

ಒಂದು ಮಧ್ಯಾಹ್ನ ಲಲಿತ ಕೆಲಸಕ್ಕೆ ಹೋಗಿದ್ದಾಗ ಬೀರು ತೆಗೆದೆ. ಚಿಟ್ಟೆಯ ಕಾಗದಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಮಾವಿನ ಮಂಡಿಯಲ್ಲಿ ಇಪ್ಪತ್ತು ವರ್ಷ ಕಾಯಿ ಆರಿಸಿದವಳು ನಾನು. ಕಾಗದ ಬಿಚ್ಚಿ ಕಸಕ್ಕೆ ಹಾಕಿದೆ. ಚಿಟ್ಟೆಗಳನ್ನು ದೊಡ್ಡವು, ಸಣ್ಣವು, ಕಪ್ಪು, ನೀಲಿ ಎಂದು ಬೇರೆ ಮಾಡಿ ಸಾಲಾಗಿ ಜೋಡಿಸಿದೆ. ಮಗಳು ಮೆಚ್ಚುತ್ತಾಳೆ ಅಂದುಕೊಂಡೆ. ಅಪ್ಪಲಮ್ಮ ಎಂದಿನಂತೆ ಕಸ ಸುಟ್ಟು ಹೋದಳು.

ಸಂಜೆ ಲಲಿತ ಬೀರು ತೆಗೆದು ಅಡಿಯವರೆಗೂ ಕಾಗದ ಹುಡುಕಿದಳು. "ನೋಡೋಕೆ ಒಂದೇ ಥರ ಇರುತ್ತೆ ಕಣಮ್ಮ. ಅಂಡಮಾನಿಂದು ಒಂದು ಉಪಪ್ರಭೇದ, ನಿಕೋಬಾರಿಂದು ಇನ್ನೊಂದು. ಯಾವ ದ್ವೀಪದಲ್ಲಿ ಹಿಡಿದಿದ್ದು ಅಂತ ಆ ಕಾಗದದ ಮೇಲೇ ಬರ್ದಿದ್ದೆ. ಎರಡು ವರ್ಷದ ಕೆಲಸ ಹೋಯ್ತು. ಅಪ್ಪಲಮ್ಮ ಮುಟ್ಟಿದ್ಲಾ?"

ಪೆನ್ಸಿಲಿನ ಆ ಇಂಗ್ಲಿಷ್ ಅಕ್ಷರ ನನಗೆ ಓದಲು ಬಾರದು. ಆದರೆ ಅದು ನೆಪ. ಒಂದು ತೋಟದ ರಾಶಿಗೆ ಇನ್ನೊಂದು ತೋಟದ ಕಾಯಿ ಬೆರೆಸಬಾರದೆಂದು ಮಂಡಿಯಲ್ಲಿ ಎಷ್ಟು ಹೆಂಗಸರನ್ನು ಗದರಿದ್ದೇನೆ.

"ನಂಗೊತ್ತಿಲ್ಲಮ್ಮ" ಅಂದುಬಿಟ್ಟೆ.

ಮರುದಿನ ಲಲಿತ ಹಿಂದಿಯಲ್ಲಿ ಬಯ್ಯುವಾಗ ಅಪ್ಪಲಮ್ಮ ನನ್ನನ್ನೇ ನೋಡಿದಳು. ನಾನು ತಲೆ ಬಗ್ಗಿಸಿ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದೆ. ಅವಳು ಪೊರಕೆ ಗೋಡೆಗೊರಗಿಸಿ ಹೋದಳು.

ನಾಲ್ಕು ದಿನ ಮನೆಯಲ್ಲಿ ತೆಲುಗು ಕೇಳಲಿಲ್ಲ. ಐದನೆಯ ದಿನ ಮಗಳಿಗೆ ನಿಜ ಹೇಳಿದೆ. ಅವಳು, "ನನ್ ಹತ್ರ ಅಲ್ಲಮ್ಮ, ಅವಳ ಹತ್ರ ಹೋಗಿ ಹೇಳು" ಅಂದಳು.

ದಿಣ್ಣೆ ಇಳಿದು ಅವಳ ಮನೆಗೆ ಒಬ್ಬಳೇ ಹೋದೆ. ಅಪ್ಪಲಮ್ಮ ಮೀನು ಕೊಯ್ಯುತ್ತಿದ್ದಳು. ತಪ್ಪು ನನ್ನದೆಂದು ಹೇಳಿದೆ. ಅವಳು ತಲೆಯೆತ್ತದೆ, "ಆ ರೋಜು ತೆಲುಗು ಮರಿಚಿಪೋಯಾರಾ ಅಮ್ಮಗಾರೂ?" ಅಂದಳು. ಆ ದಿನ ನಿಮಗೆ ತೆಲುಗು ಮರೆತುಹೋಗಿತ್ತೇ ಎಂದು.

ಲಲಿತಳೂ ಹೋಗಿ ಕೇಳಿಕೊಂಡ ಮೇಲೆ ಅವಳು ಕೆಲಸಕ್ಕೆ ಬರುತ್ತಿದ್ದಾಳೆ. ನನ್ನೊಡನೆ ಮಾತ್ರ ಹಿಂದಿಯಲ್ಲೇ ಮಾತಾಡುತ್ತಾಳೆ.

ಮಾವಿನ ಕಾಲಕ್ಕೆ ಊರಿಗೆ ಬಾ ಅಜ್ಜಿ ಎಂದು ನೀವು ಕರೆಯುತ್ತೀರಿ. ಆಸೆಯಾಗುತ್ತದೆ. ಆದರೆ ಅವಳು ಮತ್ತೊಮ್ಮೆ ತೆಲುಗಿನಲ್ಲಿ ಮಾತಾಡಿಸುವ ತನಕ ಇಲ್ಲಿಂದ ಕದಲಲು ಮನಸ್ಸಿಲ್ಲ. ಈ ಹಾಳೆಯ ತಲೆಗೆ ಅಭ್ಯಾಸಬಲದಿಂದ ಶ್ರೀನಿವಾಸಪುರ ಎಂದು ಬರೆದು, ಅದರ ಮೇಲೆ ಗೆರೆ ಎಳೆದು, ಕೆಳಗೆ ಪೋರ್ಟ್ ಬ್ಲೇರ್ ಎಂದು ಬರೆದಿದ್ದೇನೆ. ಎರಡೂ ಇರಲಿ. ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಬೂಷ್ಟು ಹಿಡಿದರೂ ಎಸೆಯಬೇಡಿ.