ಅವ್ವನ ಕರೆಂಟಿನ ಹಾಸಿಗೆ

ಅಕ್ಕಲಕೋಟೆಯಲ್ಲಿ ನನ್ನ ಅವ್ವ ಅಣ್ಣ ಮತ್ತು ಅವನ ಹೆಂಡತಿ, ನನ್ನ ವೈನಿಯ ಜೊತೆ ಇರುತ್ತಾಳೆ. ಅವಳಿಗೆ ಸಕ್ಕರೆ ಕಾಯಿಲೆ ಹಳೆಯದು. ಈಚೆಗೆ ಕಾಲುಗಳು ಜೋಮು ಹಿಡಿದಂತಾಗಿ, ಚಪ್ಪಲಿ ಜಾರಿ ಹಿಂದೆ ಉಳಿದರೂ ತಿಳಿಯದೆ ನಡೆದುಬಿಡುತ್ತಿದ್ದಳು. ಚಳಿ ಮಾತ್ರ ಮೊದಲಿಗಿಂತ ಹೆಚ್ಚಾಗಿತ್ತು. “ಎಲುಬಿನಾಗ ಥಂಡಿ ಕುಂತೈತಿ” ಎನ್ನುತ್ತಿದ್ದಳು.

ಸೊಲ್ಲಾಪುರದಲ್ಲಿ ನನ್ನ ಗಂಡನದು ಚಾದರ, ಟವೆಲ್ಲುಗಳ ಅಂಗಡಿ. ಎಷ್ಟು ಚಾದರ ಕಳಿಸಿದರೂ ಅತ್ತೆಯ ಚಳಿ ಹೋಗಲಿಲ್ಲವೆಂದು ಅವರು ಆ ವರ್ಷ ಕರೆಂಟಿನಿಂದ ಬಿಸಿಯಾಗುವ ಹಾಸು ತರಿಸಿದರು. ಗಾದಿಯ ಮೇಲೆ ಅದನ್ನು ಹಾಸಿ ಗುಂಡಿ ಒತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಹಿತವಾಗಿ ಬೆಚ್ಚಗಾಗುತ್ತಿತ್ತು. ಮಡಚಬಾರದು, ಮೇಲೆ ಭಾರ ಹೇರಬಾರದು ಎಂದು ಅದರ ಜೊತೆ ಬಂದ ಚೀಟಿಯನ್ನು ನಾನೇ ಓದಿ ಹೇಳಿದ್ದೆ. ಅವ್ವ ಹೂಂ ಹೂಂ ಅಂದಿದ್ದಳು. ಅಳಿಯ ಕೊಟ್ಟದ್ದೆಂದು ಓಣಿಯ ಹೆಂಗಸರನ್ನೆಲ್ಲ ಕರೆದು ಅದರ ಮೇಲೆ ಕೈಯಿಡಿಸಿ ತೋರಿಸಿದ್ದಳು.

ಸಂಕ್ರಾಂತಿಗೆಂದು ನಾನು ತವರಿಗೆ ಹೋಗಿದ್ದೆ. ಹಬ್ಬದ ಮುನ್ನಾದಿನ, ಭೋಗಿಯ ಬೆಳಿಗ್ಗೆ, ಅಡುಗೆಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದೆ. ಅಣ್ಣ ಕೆಲಸಕ್ಕೆ ಹೋಗಿದ್ದ. ವೈನಿ ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದರು. ಸುಟ್ಟ ವಾಸನೆ ಬಂತು. ಹಂಚಿನ ಮೇಲಿನ ರೊಟ್ಟಿ ತಿರುವಿ ನೋಡಿದೆ, ಅದು ಸುಟ್ಟಿರಲಿಲ್ಲ. ಇದು ಅರಳೆ ಸುಟ್ಟ ವಾಸನೆ.

ಒಳಕೋಣೆಗೆ ಓಡಿದೆ. ಮಂಚದ ಮೇಲೆ ಹೊದೆಯುವ ಕೌದಿಗಳು ಗುಡ್ಡೆಯಾಗಿ ಎದ್ದಿದ್ದವು, ಅವ್ವ ಮುಸುಕು ಹಾಕಿ ಮುದುಡಿ ಮಲಗಿದ ಹಾಗೆಯೇ. ಒಂದು ಅಂಚಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

“ಅವ್ವಾ!” ಎಂದು ಕೂಗಿದೆ. ಕೌದಿ ಅಲುಗಲಿಲ್ಲ.

ಗೋಡೆಯ ಗುಂಡಿ ಆರಿಸಿ ವಾಯರು ಕಿತ್ತೆ. ಅಷ್ಟರಲ್ಲಿ ವೈನಿ ಬಕೆಟ್ ನೀರು ಎತ್ತಿಕೊಂಡು ಬಾಗಿಲಿಗೆ ಬಂದಿದ್ದರು. “ತಡೀರಿ ವೈನಿ, ಅವ್ವ ಒಳಗ ಅದಾಳ!” ಎಂದು ಚೀರಿ, ಒಂದೊಂದೇ ಕೌದಿ ಎಳೆದು ಬಿಸಾಕಿದೆ. ಕೊನೆಯದನ್ನು ಎಳೆದಾಗ ಕೆಳಗೆ ಯಾರೂ ಇರಲಿಲ್ಲ. ಮುದ್ದೆಯಾಗಿ ಮಡಚಿಕೊಂಡ ಹಾಸು, ಗಾದಿಯಲ್ಲಿ ಅಂಗೈಯಗಲದ ಕಪ್ಪು ಕಲೆ, ಅಷ್ಟೇ. ಇಬ್ಬರೂ ಗಾದಿಯನ್ನು ಅಂಗಳಕ್ಕೆ ಎಳೆದು, ಒಳಗೊಳಗೇ ಉರಿಯುತ್ತಿದ್ದ ಅರಳೆಯನ್ನು ಕಡ್ಡಿಯಿಂದ ಕೆದರಿ ನೀರು ಸುರಿದೆವು.

ಆಗ ಪಕ್ಕದ ಮನೆಯ ಮಾಳಿಗೆಯಿಂದ ಅವ್ವನ ದನಿ ಬಂತು. ಬಿಸಿಲು ಕಾಯಿಸಿಕೊಳ್ಳಲು ಹೋಗಿದ್ದವಳು ಚಹಾದ ಕಪ್ಪು ಹಿಡಿದುಕೊಂಡು ಕೆಳಗೆ ಬಗ್ಗಿ ನೋಡುತ್ತಿದ್ದಳು.

“ಯಾಕವ್ವಾ, ನನ್ನ ಗಾದಿ ಯಾಕ ತೋಯಿಸಾಕತ್ತೀರಿ?”

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಅವಳು ಇಳಿದು ಬಂದ ಮೇಲೆ ಗಟ್ಟಿಯಾಗಿ ತಬ್ಬಿಕೊಂಡೆ. ಹಿಟ್ಟಿನ ಕೈ ಅವಳ ಸೀರೆಗೆಲ್ಲ ಮೆತ್ತಿತು.

“ನಾ ಬರೂತನಾ ಬಿಸಿ ಆರಬಾರದಂತ ಮುಚ್ಚಿಟ್ಟ ಹೋಗಿದ್ನಿ,” ಅಂದಳು ಅವ್ವ. “ರೊಟ್ಟಿ ಅರಿವ್ಯಾಗ ಸುತ್ತಿಡಂಗಿಲ್ಲೇನು, ಹಂಗ.”

ವೈನಿ ಅಷ್ಟಕ್ಕೇ ಬಿಡಲಿಲ್ಲ. “ಕಾಲ ತೋರಸ್ರಿ ಅತ್ತಿ,” ಎಂದು ಸೀರೆ ಸರಿಸಿ ನೋಡಿದರು. ಎಡಗಾಲಿನ ಮೀನಖಂಡದ ಮೇಲೆ ಹಾಸಿನ ಬಿಸಿಗೆ ಕೆಂಪು ಬರೆ ಎದ್ದಿತ್ತು. ಅವ್ವನಿಗೆ ಅದು ಗೊತ್ತೇ ಇರಲಿಲ್ಲ. ಆಟೋ ಹಿಡಿದು ದವಾಖಾನೆಗೆ ಹೋದೆವು.

ಡಾಕ್ಟರು ಕಾಲನ್ನು ತಿರುಗಿಸಿ ತಿರುಗಿಸಿ ನೋಡಿದರು. “ಗುಳ್ಳಿ ಎದ್ದಿಲ್ಲ. ಮ್ಯಾಲಿನ ತೊಗಲಷ್ಟ ಕೆಂಪಾಗೈತಿ, ವಾಸಿ ಆಗ್ತದ,” ಅಂದರು. ಮುಲಾಮು ಹಚ್ಚುತ್ತಾ, “ಆದ್ರ ಆಯಿ, ನಿಮ್ಮ ಕಾಲಿಗೆ ಬಿಸಿ ಅನ್ನೂದ ತಿಳಿಯಂಗಿಲ್ಲ. ಇಂಥಾದ್ರ ಮ್ಯಾಲ ನೀವು ಮಲಗೂದ ಬ್ಯಾಡ. ಉಣ್ಣಿ ಕಾಲಚೀಲ ಹಾಕ್ಕೋರಿ, ಸಾಕು,” ಅಂದರು. ಅವ್ವ ಈ ಸಲ ಬರೀ ಹೂಂ ಅನ್ನದೆ, ಅಂಥ ಕಾಲಚೀಲ ಎಲ್ಲಿ ಸಿಗುತ್ತವೆ ಎಂದು ಕೇಳಿದಳು.

ಅವಳಿಗಿದ್ದ ಚಿಂತೆ ಬೇರೆ. ಸಂಜೆ ಸುದ್ದಿ ಕೇಳಿ ನನ್ನ ಗಂಡ ಸೊಲ್ಲಾಪುರದಿಂದ ಬಂದಾಗ ಬಾಗಿಲ ಮರೆಯಲ್ಲೇ ನಿಂತು, “ನೀವು ಕೊಟ್ಟದ್ದ ಹಾಳ ಮಾಡಿದ್ನಿರಿ,” ಅಂದಳು.

ಅವರ ಕಣ್ಣು ತುಂಬಿ ಬಂದಿತ್ತು. “ಹಾಳಾದ್ರ ಆಗಲಿ ಬಿಡ್ರಿ ಅತ್ತಿ. ನೀವು ನೆಟ್ಟಗ ಅದೀರಲ್ಲ,” ಎಂದರು. ಹಾಸಿನ ವಾಯರನ್ನು ತಾವೇ ಕತ್ತರಿಸಿ, ಬೇರೆ ಯಾರೂ ಎತ್ತಿಕೊಂಡು ಹೋಗಿ ಹಾಸದಂತೆ ಮಾಡಿದರು.

ಭೋಗಿಯ ಊಟ ಹೊತ್ತು ಮುಳುಗುವ ಮುನ್ನ ಆಯಿತು. ಅವ್ವ ಬಿಸಿನೀರು ಬೇಡವೆಂದು ತಣ್ಣೀರಿನಲ್ಲೇ ಕೈ ತೊಳೆದು ಕೂತು, ಪಲ್ಯವನ್ನು ಮತ್ತೊಮ್ಮೆ ಹಾಕಿಸಿಕೊಂಡು ಉಂಡಳು. ಹಬ್ಬ ಮುಗಿಸಿ ನಾವು ಹೊರಡುವಾಗ ಕಾಲಿನ ಕೆಂಪು ಮಾಸಿತ್ತು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದ್ದಷ್ಟೇ ನೆನಪು. ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ಗಂಡ ಭುಜ ಅಲುಗಿಸಿದಾಗಲೇ ನನಗೆ ಎಚ್ಚರವಾದದ್ದು.